ಇಳಿಜಾರಿನ ಬಾಗಿಲು

ಮುಚ್ಚಿದ ಬಾಗಿಲಿಗೆ ಎದೆಯೊತ್ತಿ ಸಾಯುತ್ತಿರುವ ಮನುಷ್ಯ ‘ಬಾಗಲಾ ತಗೀರಿ’ ಎಂದು ಕೂಗಬೇಕು. ‘ಹಿಂದಕ್ಕ ಸರೀರಿ’ ಎಂದು ಯಾಕೆ ಕೂಗಿದ?

ಉಸಿರು ಕಟ್ಟುತ್ತಿತ್ತು, ಅದಕ್ಕೆ ಎಂದುಕೊಳ್ಳಬಹುದು. ಮೈಮೇಲೆ ಬೀಳುತ್ತಿದ್ದವರನ್ನು ದೂರ ಮಾಡಲು ಎಂದುಕೊಳ್ಳಬಹುದು. ಸಿದ್ದರಾಯ ಎರಡನ್ನೂ ಎಂದುಕೊಂಡು ನೋಡಿದ. ಎರಡೂ ಒಂದು ಗಳಿಗೆ ಸರಿ ಕಂಡು ಮತ್ತೆ ಜಾರಿಹೋದವು. ಆ ಸಂಜೆ ಬಾಗಿಲ ಬಳಿ ಇದ್ದ ಹೆಂಗಸರೆಲ್ಲ ಬೇರೆ ಬೇರೆಯಾಗಿ ಕೇಳಿದಾಗಲೂ ಅದನ್ನೇ ಹೇಳಿದ್ದರು. ಗುರಪ್ಪ ಮಾಸ್ತರರು ಕೊನೆಯತನಕ ಅದೊಂದೇ ಮಾತನ್ನು, ವರ್ಗದಲ್ಲಿ ಮಕ್ಕಳಿಗೆ ಹೇಳುವ ಹಾಗೆ, ಸಿಟ್ಟಿಲ್ಲದೆ ಹೇಳುತ್ತಿದ್ದರಂತೆ. ಹಿಂದಕ್ಕ ಸರೀರಿ. ಎಲ್ಲಾರೂ ಹಿಂದಕ್ಕ ಸರೀರಿ.

ಅದು ಹೆದರಿದವನ ಮಾತಲ್ಲ. ಏನೋ ಗೊತ್ತಿದ್ದವನ ಮಾತು.

“ಏನ್ರಿ ಸಾಹೇಬ್ರ, ಮುರದ ಬಾಗಲಾ ಹಿಡದು ಶಕುನ ಕೇಳಾಕತ್ತೀರೇನು?”

ಸಿಂದಗಿಯ ಸಭಾಭವನದ ಕಾವಲಿಗೆ ಹಾಕಿದ್ದ ಪೊಲೀಸ್ ಪೇದೆ ಕುತುಬುದ್ದೀನ ಗೋಡೆಯ ನೆರಳಿನಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದ. ಟೊಪ್ಪಿಗೆ ಮೊಣಕಾಲ ಮೇಲಿತ್ತು. ಮುಂಜಾನೆಯಿಂದ ಈ ಇಂಜಿನಿಯರ್ ಒಂದೇ ಬಾಗಿಲನ್ನು ನೋಡುತ್ತಿರುವುದು ಅವನಿಗೆ ಬೇಸರ ತಂದಿತ್ತು.

“ಪರಸಪ್ಪ ಬಾಯಿ ಬಿಟ್ಟನೇನು?” ಸಿದ್ದರಾಯ ತಿರುಗದೆ ಕೇಳಿದ.

“ಎಲ್ಲೀದ್ರಿ! ಠಾಣೆದಾಗ ಹೊಸಾದೊಂದು ಬರಸ್ಯಾರಲ್ರಿ ಗ್ವಾಡಿ ಮ್ಯಾಲ, ‘ಮಾತು ಕಡಿಮೆ, ದುಡಿಮೆ ಹೆಚ್ಚು’ ಅಂತ. ಲಾಕಪ್ಪಿನ ಎದುರಿಗೇ ಐತಿ. ಅದನ್ನ ಓದಿ ಓದಿ ಅಂವ ಅರ್ಧಾ ಪಾಲಸಾಕತ್ತಾನು.”

ಸಿದ್ದರಾಯನಿಗೆ ನಗು ಬರಲಿಲ್ಲ. ನಾಳೆ ವಿಚಾರಣೆಗೆ ಇಂಡಿಯಿಂದ ಪ್ರಾಂತ ಸಾಹೇಬರು, ಅಂದರೆ ಉಪವಿಭಾಗಾಧಿಕಾರಿಗಳು, ಬರುತ್ತಾರೆ. ಶಾಲೆಯ ವಾರ್ಷಿಕ ಗ್ಯಾದರಿಂಗಿನ ದಿನ ಧ್ವನಿವರ್ಧಕದ ವೈರು ಸುಟ್ಟು ಹೊಗೆಯೆದ್ದು, ಹೆಂಗಸರು ಈ ಬಾಗಿಲಿಗೆ ನುಗ್ಗಿ, ಬಾಗಿಲು ತೆರೆಯದೆ ಮಾಸ್ತರರು ಸತ್ತರು. ಹೊರಗಿನಿಂದ ಚಿಲಕ ಹಾಕಿದವನು ಕಾವಲುಗಾರ ಪರಸಪ್ಪ ಎಂದು ದೂರು. ಕಟ್ಟಡದ ತಪಾಸಣೆ ಮಾಡಿದ ಸಿದ್ದರಾಯ ಬಾಗಿಲಲ್ಲಿ ದೋಷವಿರಲಿಲ್ಲ ಎಂದರೆ ಪರಸಪ್ಪ ನಾಳೆಯೇ ಬಿಜಾಪುರದ ಜೈಲಿಗೆ.

ದೂರು ಕೊಟ್ಟವಳು ಮಾಸ್ತರರ ಹೆಂಡತಿ ಇಂದ್ರಾಬಾಯಿ. ಪರಸಪ್ಪ ಬೀಗದ ಕೈ ಹಿಡಿದು ಈ ಕಡೆ ಬಂದದ್ದನ್ನು ತಾನು ಕಣ್ಣಾರೆ ಕಂಡೆ ಎಂದು ಅವಳು ಠಾಣೆಯ ಫೌಜದಾರರ ಮುಂದೆ ಹೇಳಿದ್ದಳು. ಅದರ ನಂತರ ಯಾರೊಂದಿಗೂ ಮಾತಾಡಿರಲಿಲ್ಲ.

ಅವನು ಮತ್ತೆ ಬಾಗಿಲಿಗೆ ತಿರುಗಿದ.

ನಾಲ್ಕು ತಾಲೂಕುಗಳಿಗೆ ಒಂದೇ ನಕಾಶೆ. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸಭಾಭವನಗಳನ್ನು ಅವನು ಆಗಲೇ ನೋಡಿ ಬಂದಿದ್ದ. ಅವೇ ಕಿಟಕಿ, ಅದೇ ವೇದಿಕೆ, ಅದೇ ಹಸಿರು ಎಣ್ಣೆಬಣ್ಣ. ಮುಂದೆ ಒಂದು ದೊಡ್ಡ ಬಾಗಿಲು, ಪಕ್ಕದಲ್ಲಿ ಒಂದು ಜೋಡಿ ಕದದ ಬಾಗಿಲು. ಜನ ಸೇರುವ ಜಾಗದ ಬಾಗಿಲು ಹೊರಕ್ಕೆ ತೆರೆಯಬೇಕು ಎಂಬುದು ನಿಯಮ. ಒಳಗಿನವರು ನೂಕಿದರೆ ಸಾಕು, ತಾನೇ ತೆರೆದುಕೊಳ್ಳಬೇಕು. ಆ ಮೂರೂ ಊರುಗಳಲ್ಲಿ ಹಾಗೇ ಇತ್ತು.

ಎರಡು ಬಾಗಿಲು ಸಾಕು ಎಂದು ನಕಾಶೆ ಬರೆದವನು ಲೆಕ್ಕ ಹಾಕಿದ್ದ. ಗಂಡಸರು ಮುಂಬಾಗಿಲಿನಿಂದ, ಹೆಂಗಸರು ಪಕ್ಕದ ಬಾಗಿಲಿನಿಂದ ಎಂಬುದು ಅವನಿಗೆ ಗೊತ್ತಿರಲಿಲ್ಲ. ಈ ಊರುಗಳಲ್ಲಿ ಅದನ್ನು ಯಾರೂ ಹೇಳಿಕೊಡುವುದಿಲ್ಲ. ಹೊಗೆ ಎದ್ದ ದಿನ ಮುಂಬಾಗಿಲು ಅಗಲವಾಗಿ ತೆರೆದಿತ್ತು. ಗಂಡಸರು ಹೊರಗೆ ಬಂದು ಬೀಡಿ ಹಚ್ಚಿಕೊಂಡಿದ್ದರು. ಒಬ್ಬ ಹೆಂಗಸೂ ಆ ಕಡೆ ಹೋಗಿರಲಿಲ್ಲ. ಜೀವ ಹೋಗುವ ಹೊತ್ತಿನಲ್ಲೂ ಅದು ಗಂಡಸರ ಬಾಗಿಲಾಗಿತ್ತು.

ಸಿಂದಗಿಯಲ್ಲಿ ಮಾತ್ರ ಇನ್ನೊಂದು ವ್ಯತ್ಯಾಸ. ಉಳಿದ ಕಡೆ ಪಕ್ಕದ ಬಾಗಿಲಿಗೆ ಮೆಟ್ಟಿಲುಗಳಿವೆ. ಇಲ್ಲಿ ಮೆಟ್ಟಿಲುಗಳ ಮೇಲೆ ಕಲ್ಲು, ಗಚ್ಚು ತುಂಬಿ ಇಳಿಜಾರು ಮಾಡಿದ್ದರು. ಮಾಸ್ತರರ ಮೂರು ಗಾಲಿಯ ಕೈಗಾಡಿ ಏರಲೆಂದು. ಚಿಕ್ಕಂದಿನ ಜ್ವರದಲ್ಲಿ ಕಾಲುಗಳ ಬಲ ಹೋದ ಮಾಸ್ತರರು ಎದೆಯ ಮುಂದಿನ ಹಿಡಿಕೆಯನ್ನು ಎರಡೂ ಕೈಗಳಿಂದ ತಿರುಗಿಸುತ್ತ ಊರೆಲ್ಲ ಸುತ್ತುತ್ತಿದ್ದರು.

ಬಾಗಿಲ ಒಂದು ಕದವನ್ನು ಹಾರೆಯಿಂದ ಮೀಟಿ ಕಿತ್ತಿದ್ದರು. ಅದು ಸೀಳಿ ಗೋಡೆಗೆ ಒರಗಿತ್ತು. ಇನ್ನೊಂದು ಕೆಳಗಿನ ಬಿಜಾಗರಿಯೊಂದರ ಮೇಲೆ ಜೋತಿತ್ತು. ಚಿಲಕ ಮುರಿದು ಎಲ್ಲೋ ಬಿದ್ದಿದೆ ಎಂದು ಫೌಜದಾರರು ನಂಬಿದ್ದರು. ಅಷ್ಟೊಂದು ಜನ ಓಡಾಡಿದ ಮೇಲೆ ಸಿಗುವುದಾದರೂ ಹೇಗೆ?

ಸಿದ್ದರಾಯ ಜೋತ ಕದವನ್ನು ಎತ್ತಿ ಹಿಡಿದು ನಿಧಾನವಾಗಿ ತಿರುಗಿಸಿದ. ಅದು ಒಳಕ್ಕೆ ಹೋಯಿತು.

ನಿನ್ನೆಯೇ ಇದು ಗೊತ್ತಾಗಿತ್ತು. ಕಟ್ಟಿದವರು ತಪ್ಪಾಗಿ ಕೂಡಿಸಿದ್ದಾರೆ ಎಂದುಕೊಂಡಿದ್ದ. ಈಗ ಮೊಣಕಾಲೂರಿ ನೆಲ ನೋಡಿದ. ಒಳಗಿನ ಫರಸಿಯ ಮೇಲೆ ಕದ ಉಜ್ಜಿ ಬಿದ್ದ ಬಿಲ್ಲಿನಾಕಾರದ ಗೆರೆ ಹೊಸದಾಗಿ, ಬೆಳ್ಳಗೆ ಕಾಣುತ್ತಿತ್ತು. ಸರಿ. ಅವನು ಹೊಸ್ತಿಲು ದಾಟಿ ಹೊರಗೆ ಬಂದು ಇಳಿಜಾರಿನ ತುದಿಯನ್ನು ಅಂಗೈಯಿಂದ ಒರೆಸಿದ. ಧೂಳಿನ ಕೆಳಗೆ ಅಲ್ಲಿಯೂ ಒಂದು ಗೆರೆ. ಹಳೆಯದು. ಸವೆದದ್ದು.

ಈ ಬಾಗಿಲು ಎರಡೂ ಕಡೆ ತೆರೆದಿದೆ. ಮೊದಲು ಹೊರಗೆ. ಆಮೇಲೆ ಒಳಗೆ.

ಚೌಕಟ್ಟಿನ ಹೊರ ಅಂಚನ್ನು ಉಗುರಿನಿಂದ ಕೆರೆದ. ಬಣ್ಣದ ಚಕ್ಕೆ ಎದ್ದಿತು. ಕೆಳಗೆ ಕರಿಯ ಅರಗು. ಅದರ ಕೆಳಗೆ ಬೇರೆ ಮರದ ತುಂಡು. ಬಿಜಾಗರಿ ಕೂಡಿಸಿದ್ದ ಹಳೆಯ ಕಚ್ಚನ್ನು ಯಾರೋ ಶ್ರದ್ಧೆಯಿಂದ ತುಂಬಿ ಬಣ್ಣ ಬಳಿದಿದ್ದರು.

“ಕುತುಬುದ್ದೀನ, ಈ ಊರಾಗ ಇಷ್ಟು ಛಲೋ ತುಂಬೂ ಬಡಿಗ ಯಾರು?”

“ಇಬ್ರಾಹಿಂಸಾಬ್ರು ಇದ್ದಾರ್ರಿ, ಸಂತಿ ಬಯಲಿನ ಹಿಂದ. ಯಾಕ್ರಿ, ಮನಿ ಕಟ್ಟಸಾಕತ್ತೀರೇನು?”

“ಇಲ್ಲ. ಕಟ್ಟಿದ್ದನ್ನ ಕೆಡವಾಕತ್ತೇನಿ.”

ಹಾಗೆ ಯಾಕೆ ಅಂದೆ ಎಂದು ದಾರಿಯುದ್ದಕ್ಕೂ ಅವನಿಗೆ ಕಸಿವಿಸಿಯಾಯಿತು. ಬಿಸಿಲಿಗೆ ರಸ್ತೆ ಖಾಲಿಯಿತ್ತು. ಗುಲಬರ್ಗಾದ ಬಸ್ಸು ಹೊರಡುತ್ತಿತ್ತು. ಒಂದು ಗಳಿಗೆ ಅದನ್ನು ಹತ್ತಿ ಹೋಗಿಬಿಡಬೇಕು ಎನ್ನಿಸಿತು.

ಇಬ್ರಾಹಿಂಸಾಬ ಬಂಡಿಯ ಮೂಕಿ ಕೆತ್ತುತ್ತಿದ್ದ ಮುದುಕ. ಸಿದ್ದರಾಯ ಅರಗಿನ ಚಕ್ಕೆಯನ್ನು ಅವನ ಮುಂದಿನ ದಿಮ್ಮಿಯ ಮೇಲಿಟ್ಟ. ಮುದುಕ ಅದನ್ನು ನೋಡಿದ. ಬಾಚಿ ಕೆಳಗಿಟ್ಟ. ಕೇಳುವ ಮೊದಲೇ ಅವನ ಮುಖ ಉತ್ತರ ಕೊಟ್ಟಿತ್ತು.

“ಕೂಡ್ರಿ ಸಾಹೇಬ್ರ. ಚಾ ತರಸ್ಲೇನ್ರಿ?”

“ಬ್ಯಾಡ್ರಿ ಸಾಬ್ರ. ಬಾಗಲಾ ತಿರಗಿಸಿದವರು ನೀವು.”

“ಹೌದ್ರಿ.”

“ಹೊರಗ ತೆರಿಯೂ ಬಾಗಲದಿಂದ ಲಕ್ಷ್ಮಿ ಹೊರಗ ಹೋಗ್ತಾಳ ಅಂತ, ಮದುವಿ ಮಂದಿ ತಕರಾರ ಮಾಡಿದ್ರಂತ? ಬಾಗೇವಾಡ್ಯಾಗ ಹಿಂಗ ಅಂದದ್ದನ್ನ ಕೇಳೇನಿ.”

ಮುದುಕ ತಲೆಯಾಡಿಸಿ ನಕ್ಕ. “ಲಕ್ಷ್ಮಿ ಮುಂಬಾಗಲಕ್ಕ ಬರ್ತಾಳ್ರಿ. ಪಕ್ಕದ ಬಾಗಲದ ಉಸಾಬರಿ ಆಕಿಗೆ ಯಾಕ?”

“ಮತ್ತ ಯಾರು ಹೇಳಿದ್ರು?”

ಇಬ್ರಾಹಿಂಸಾಬ ಮೂಕಿಯ ಮೇಲೆ ಕೈಯಾಡಿಸಿದ. ಎದ್ದ ಸಿಬರನ್ನು ಕಿತ್ತ. ಅದನ್ನು ಎಸೆಯದೆ ಹಿಡಿದುಕೊಂಡೇ ಇದ್ದ.

“ಹೆಸರ ಹೇಳಿದ್ರ ಅವರನ್ನ ಹಿಡಕೊಂಡ ಹೋಗಾಕ ನಿಮ್ಮ ಕೈಲೆ ಆಗಂಗಿಲ್ರಿ.”

“ಅಷ್ಟ ದೊಡ್ಡ ಮನಷ್ಯಾ ಏನ್ರಿ?”

“ಮಣ್ಣಾಗ್ಯಾರ್ರಿ. ಗುರಪ್ಪ ಮಾಸ್ತರು.”

ಸಿದ್ದರಾಯ ದಿಮ್ಮಿಯ ಮೇಲಿನ ಚಕ್ಕೆಯನ್ನು ಎತ್ತಿಕೊಂಡ. ಮುಂಜಾನೆಯಿಂದ ಕಿವಿಯಲ್ಲಿ ಕೂತಿದ್ದ ದನಿ ಈಗ ಅರ್ಥವಾಗತೊಡಗಿತು. ಹಿಂದಕ್ಕ ಸರೀರಿ. ಬಾಗಿಲು ಒಳಕ್ಕೆ ಬರಲು ಜಾಗ ಬೇಕಾಗಿತ್ತು. ಒಳಗಿನವರು ಹೊರಕ್ಕೆ ನೂಕುತ್ತಿದ್ದರು. ಹೊರಗಿನ ಗಂಡಸರು ಒಳಕ್ಕೆ ನೂಕುತ್ತಿದ್ದರು. ನಡುವೆ ಕದ ಕಲ್ಲಾಗಿ ನಿಂತಿತ್ತು. ಹೊಗೆಯಲ್ಲಿ, ಕತ್ತಲಲ್ಲಿ ಚಿಲಕ ಹಾಕಿದೆ ಎಂದೇ ಎರಡೂ ಕಡೆಯವರು ನಂಬಿದರು. ನಾಲ್ಕು ಹೆಜ್ಜೆ ಹಿಂದೆ ಸರಿದಿದ್ದರೆ ಸಾಕಿತ್ತು. ಅದನ್ನು ಹೇಳುತ್ತಿದ್ದವರ ಮಾತು ಯಾರಿಗೂ ಬೇಕಾಗಿರಲಿಲ್ಲ.

“ಯಾಕ ತಿರಗಿಸಂದ್ರು?”

“ಇಳಿಜಾರ ಹತ್ತಿ ಬಂದು ಬಾಗಲಾ ಎಳೀಬೇಕಲ್ರಿ. ಗಾಡಿ ಹಿಡಕಿ ಬಿಟ್ಟು ಕದಕ್ಕ ಕೈ ಹಾಕಿದ್ರ ಗಾಡಿ ಹಿಂದ ಉರಳತಿತ್ತು. ಕದಾ ತೆರೀತಂದ್ರ ಅದಽ ಬಂದು ಗಾಲಿಗಿ ಬಡೀತಿತ್ತು. ಮ್ಯಾಲ ನಿಲ್ಲಾಕ ಜಾಗಾನೇ ಇಲ್ಲ. ಒಂದಿನ ಹಂಗಽ ಉರಳಿ ಕೆಳಗ ಬಿದ್ರು. ಸಾಲಿ ಹುಡುಗ್ರು ನಿಂತ ನಕ್ಕುವು.” ಮುದುಕ ಸಿಬರನ್ನು ಮುರಿದ. “ಮರುದಿನ ನನ್ನ ಕಡೆ ಬಂದ್ರು. ‘ಸಾಬ್ರ, ಮುಂದಿನ ಗಾಲೀಲೆ ನೂಕಿದ್ರ ತೆರಿಯೂ ಹಂಗ ಮಾಡಿಕೊಡ್ರಿ. ಯಾರನ್ನೂ ಕೂಗದನ ಒಂದ ಕಡೆನಾರ ನಾ ಒಳಗ ಹೋಗಬೇಕು’ ಅಂದ್ರು.”

“ಪರಸಪ್ಪಗ ಗೊತ್ತಿತ್ತೇನು?”

“ಕೀಲಿ ತಗದು ಕೊಟ್ಟಾಂವ ಅಂವನಽ. ಸಂತಿ ದಿನ ಮಾಡಿದ್ವಿ, ಯಾರೂ ನೋಡಬಾರದಂತ. ಮೂರು ಮಂದೀನ ಇದ್ವಿ. ನಾಕನೇದವರಿಗೆ ಗೊತ್ತಿಲ್ಲ.”

“ಇಂದ್ರಾಬಾಯಿಗೆ?”

“ಬಾಯಾರಿಗೂ ಗೊತ್ತಿಲ್ರಿ. ಹೇಳಬ್ಯಾಡ್ರಿ ಅಂತ ಮಾಸ್ತರು ಆಣಿ ಹಾಕ್ಸಿದ್ರು. ಗಾಡಿಯಿಂದ ಬಿದ್ದದ್ದನ್ನಽ ಹೆಂಡ್ತಿಗೆ ಹೇಳಿದ್ದಿಲ್ಲ ಅವರು.”

“ಹೊರಗಿನ ಚಿಲಕಾ?”

ಇಬ್ರಾಹಿಂಸಾಬ ತಲೆ ಎತ್ತಿದ. “ಹೊರಗ ಎಲ್ಲೀದ್ರಿ ಚಿಲಕಾ? ಇದ್ದ ಚಿಲಕಾ ಒಳಗಿಂದು. ಹೊರಗ ಹಾಕಬ್ಯಾಡ ಅಂತ ಮಾಸ್ತರಽ ಹೇಳಿದ್ರು. ಹಾಕಿದ್ರ ಮತ್ತ ಯಾರನ್ನರ ಕೂಗಬೇಕಲ್ಲ.”

ಸಿದ್ದರಾಯ ಎದ್ದ. ಪರಸಪ್ಪ ಹಾಕಿದ್ದಾನೆ ಎನ್ನುವ ಚಿಲಕವೇ ಇರಲಿಲ್ಲ. ಇಷ್ಟು ದಿನ ಜೋಡಿಸುತ್ತಿದ್ದ ಗೋಡೆಯಲ್ಲಿ ಕೊನೆಯ ಕಲ್ಲು ಕೂತಂತಾಗಿತ್ತು. ಆದರೂ ಹಗುರೆನಿಸಲಿಲ್ಲ. ಮೂರು ಊರುಗಳಲ್ಲಿ ಅವನು ಮೆಟ್ಟಿಲುಗಳನ್ನು ಅಳೆದಿದ್ದ. ಅವುಗಳನ್ನು ಹತ್ತಲಾರದವರು ಯಾರಾದರೂ ಇದ್ದಾರೆಯೇ ಎಂದು ಕೇಳಿರಲಿಲ್ಲ. ಹಾಗೆ ಕೇಳಲು ಅವನಿಗೆ ಯಾರೂ ಹೇಳಿರಲಿಲ್ಲ ಎಂಬುದು ನಿಜ. ಆ ನಿಜ ಯಾವ ಸಮಾಧಾನವನ್ನೂ ಕೊಡಲಿಲ್ಲ.

ಹಿಂದಿನಿಂದ ಮುದುಕನ ದನಿ ಬಂತು. “ಸಾಹೇಬ್ರ, ನನ್ನ ಹೆಸರ ಬರೀತೀರೇನ್ರಿ?”

ಅವನು ಕೇಳಿಸದವನಂತೆ ನಡೆದ.

ಠಾಣೆಯಲ್ಲಿ ಫೌಜದಾರ ನಾಗಠಾಣರು ಇರಲಿಲ್ಲ. ದೇವಣಗಾಂವಕ್ಕೆ ಹೋದವರು ಇನ್ನೇನು ಬರುತ್ತಾರೆ ಎಂದು ಬಾಗಿಲಲ್ಲಿದ್ದ ಪೇದೆ ಹೇಳಿ, ಲಾಕಪ್ಪಿನ ಮುಂದೆ ಒಂದು ಸ್ಟೂಲು ತಂದಿಟ್ಟ.

ಪರಸಪ್ಪ ಸರಳುಗಳಾಚೆ ಗೋಡೆಗೆ ಬೆನ್ನು ಹಚ್ಚಿ ಕೂತಿದ್ದ. ಐವತ್ತರ ಹತ್ತಿರದ, ಒಣಗಿದ ಬೆತ್ತದಂಥ ಮನುಷ್ಯ. ಹೆಂಡತಿ ರಾಮವ್ವ ತಂದುಕೊಟ್ಟ ಬುತ್ತಿಯ ಬಟ್ಟೆಯನ್ನು ಚೊಕ್ಕವಾಗಿ ಮಡಿಚಿ ಪಕ್ಕದಲ್ಲಿ ಇಟ್ಟುಕೊಂಡಿದ್ದ.

“ಪರಸಪ್ಪ, ನಾಳೆ ನೀ ಮನಿಗಿ ಹೋಗ್ತಿ.”

ಅವನು ಕಣ್ಣೆತ್ತಿದ. ಅಷ್ಟೇ.

“ಬಾಗಲಕ್ಕ ಹೊರಗ ಚಿಲಕಾನ ಇರಲಿಲ್ಲ. ಚೌಕಟ್ಟಿನ ಹೊರಗ ಒಂದ ಸ್ಕ್ರೂ ತೂತ ಸೈತ ಇಲ್ಲ. ನಾಳೆ ಪ್ರಾಂತ ಸಾಹೇಬ್ರ ಮುಂದ ಅದನ್ನಽ ಹೇಳ್ತೇನಿ.”

“ಚಿಲಕಾ ಇತ್ತರಿ,” ಎಂದ ಪರಸಪ್ಪ.

ಇಷ್ಟು ದಿನದಲ್ಲಿ ಅವನು ಆಡಿದ ಮೊದಲ ಮಾತು ಅದು. ಸಿದ್ದರಾಯನಿಗೆ ತಾನು ಸರಿಯಾಗಿ ಕೇಳಿದೆನೋ ಇಲ್ಲವೋ ಎನ್ನಿಸಿತು.

“ಏನಂದಿ?”

“ಚಿಲಕಾ ಇತ್ತು. ನಾನಽ ಹಾಕಿದ್ದೆ. ಹುಡುಗ್ರು ಚೀಟಿ ಇಲ್ಲದನ ಒಳಗ ನುಗ್ತಾವಂತ ಹಾಕಿದ್ದೆ. ಆಮ್ಯಾಲ ಮರತೆ.”

“ಸುಳ್ಳ ಹೇಳಬ್ಯಾಡ. ನಾ ನೋಡೇನಿ.”

“ನೀವು ನೋಡಿದ್ದು ಮುರದ ಮ್ಯಾಲ್ರಿ. ನಾ ನೋಡಿದ್ದು ಮುರಿಯೂಕಿಂತ ಮೊದಲ.”

“ಇಬ್ರಾಹಿಂಸಾಬ್ರು ಎಲ್ಲಾ ಹೇಳ್ಯಾರ, ಪರಸಪ್ಪ. ಸಂತಿ ದಿನಾ ನೀ ಕೀಲಿ ಕೊಟ್ಟದ್ದೂ ಹೇಳ್ಯಾರ.”

ಪರಸಪ್ಪನ ಕೈ ಬುತ್ತಿಯ ಬಟ್ಟೆಯ ಮೇಲೆ ನಿಂತಿತು. ಮಡಿಕೆಯನ್ನು ಬಿಡಿಸಿ ಮತ್ತೆ ಮಡಿಚಿದ.

“ಮುದುಕಗ ಬಾಯಾಗ ಒಂದ ಹಲ್ಲಿಲ್ಲ,” ಎಂದ ಕೊನೆಗೆ. “ಮಾತ ಹ್ಯಾಂಗ ನಿಂತೀತು.”

“ನಿನ್ನ ಉಳಸಾಕ ಹೇಳ್ಯಾರ.”

“ನಾ ಉಳಸಂತ ಕೇಳಿದ್ನೇನ್ರಿ?” ಪರಸಪ್ಪ ಎದ್ದು ಸರಳುಗಳ ಹತ್ತಿರ ಬಂದ. ಅವನ ದನಿ ಏರಲಿಲ್ಲ, ಚೂಪಾಯಿತು. “ಬರೀರಿ ಹಂಗಾರ. ಏನಂತ ಬರೀತೀರಿ?”

“ಬಾಗಲಾ ಒಳಗ ತೆರೀತಿತ್ತು. ಅದಕ್ಕ ಮಂದಿ ಸಿಕ್ಕೊಂಡ್ರು ಅಂತ.”

“ಯಾಕ ಒಳಗ ತೆರೀತಿತ್ತು ಅಂತ ಕೇಳ್ತಾರ.”

ಸಿದ್ದರಾಯ ಉಗುರಿನಲ್ಲಿ ಸಿಕ್ಕಿದ್ದ ಅರಗನ್ನು ಕೆರೆದ.

“ಕುಂಟ ಮಾಸ್ತರ ತನ್ನ ಸಲುವಾಗಿ ತಿರಗಿಸಿಕೊಂಡಾ, ತಾನೂ ಸತ್ತಾ, ಹೆಣ್ಮಕ್ಕಳನ್ನೂ ಸಾಯಸ್ತಿದ್ದಾ ಅಂತ ಬರೀತೀರಿ. ಅಲ್ಲೇನ್ರಿ? ಆಮ್ಯಾಲ ಮ್ಯಾಲಿನವರು ಏನ್ ಹುಕುಂ ಮಾಡ್ತಾರ, ನಿಮಗ ಗೊತ್ತಿಲ್ಲೇನು?”

ಗೊತ್ತಿತ್ತು. ಅಂಥ ಹುಕುಂಗಳನ್ನು ಅವನು ಜಾರಿ ಮಾಡಿದ್ದ. ಅವುಗಳ ಭಾಷೆ ಅವನ ಬಾಯಿಪಾಠವಾಗಿತ್ತು. ಎಲ್ಲ ಸರಕಾರಿ ಕಟ್ಟಡಗಳಲ್ಲೂ ನಕಾಶೆಯಲ್ಲಿ ಇಲ್ಲದ ಇಳಿಜಾರುಗಳನ್ನು ಕೂಡಲೇ ತೆಗೆದು ವರದಿ ಒಪ್ಪಿಸತಕ್ಕದ್ದು. ಒಂದು ಊರಿನ ಸಾವಿಗೆ ನಾಲ್ಕು ತಾಲೂಕುಗಳಲ್ಲಿ ಗುದ್ದಲಿ ಬೀಳುತ್ತದೆ.

“ಸಾಲ್ಯಾಗೂ ಒಂದ ಇಳಿಜಾರ ಐತ್ರಿ,” ಎಂದ ಪರಸಪ್ಪ. “ಮಾಸ್ತರು, ನಾನು, ಇಬ್ಬರೂ ಕೂಡಿ ಹಾಕಿದ್ದು. ನನ್ನ ಮಗಳು ಬಾಳಮ್ಮಗೂ ಅವರಂಗಽ ಆಗೈತಿ. ಮಾಸ್ತರ ಹಳೀ ಗಾಡ್ಯಾಗ ಕುಂತು ತಾನಽ ಸಾಲಿಗಿ ಹೋಗ್ತಾಳ. ಹ್ವಾದ ವರ್ಷದ ತನಕ ನನ್ನ ಹೆಗಲ ಮ್ಯಾಲ ಹೋಗ್ತಿದ್ಲು. ದೊಡ್ಡಾಕಿ ಆದ್ಲು, ನಾಚ್ಕೊಂಡು ಸಾಲೀನ ಬಿಟ್ಟಿದ್ಲು.”

“ನೀ ಜೈಲಿಗಿ ಹೋದ್ರ ಆಕಿನ್ನ ಹೊರಾವ್ರು ಯಾರು?”

“ಇಳಿಜಾರ ಇದ್ರ ಹೊರೂದು ಬೇಕಾಗಂಗಿಲ್ರಿ.”

ಹೊರಗೆ ಯಾರೋ ಸೈಕಲ್ಲಿನ ಗಂಟೆ ಬಾರಿಸುತ್ತ ಹೋದರು. ಸಿದ್ದರಾಯ ಸ್ಟೂಲನ್ನು ಹತ್ತಿರ ಎಳೆದುಕೊಂಡ.

“ಕೇಳಿಲ್ಲಿ. ಬಾಗಲಾ ಹೊರಗ ತೆರೀಬೇಕು, ಇಳಿಜಾರೂ ಇರಬೇಕು. ಎರಡೂ ಮಾಡಾಕ ಬರತೈತಿ. ಇಳಿಜಾರ ಮುಗಿದ ಮ್ಯಾಲ ಸಪಾಟ ಕಟ್ಟಿ ಕಟ್ಟಬೇಕು. ಗಾಡಿ ನಿಲ್ಲುವಷ್ಟು, ಕದಾ ತಿರಗುವಷ್ಟು ಅಗಲ. ಆವಾಗ ಗಾಡಿ ಉರಳಂಗಿಲ್ಲ. ನಾ ಬರೀತೇನಿ ಅದನ್ನ.”

“ನೀವು ಬರೀತೀರಿ. ಅವರು ಕಟ್ಟತಾರೇನ್ರಿ?”

ಹೌದು ಎನ್ನಬೇಕಿತ್ತು. ಬಾಯಿಯತನಕ ಬಂದಿತ್ತು. ಪರಸಪ್ಪ ಅವನ ಮುಖವನ್ನೇ ನೋಡುತ್ತ ಕಾದ. ಆ ಕಾಯುವಿಕೆಯಲ್ಲಿ ವ್ಯಂಗ್ಯವಿರಲಿಲ್ಲ. ಅದು ಸಿದ್ದರಾಯನನ್ನು ಇನ್ನಷ್ಟು ಕಾಡಿತು.

“ಕೆಡವೂದು ಲಗೂ ಮಾಡ್ತಾರ್ರಿ,” ಎಂದು ಪರಸಪ್ಪನೇ ಹೇಳಿದ. “ಕಟ್ಟೂದಕ್ಕ ಮುಂದಿನ ವರ್ಷ ಅಂತಾರ. ಅಷ್ಟೊತ್ತಿಗೆ ನನ್ನ ಮಗಳು ಅಕ್ಷರ ಮರತಿರ್ತಾಳ.”

“ಹಂಗಂತ ಮಾಡದ ತಪ್ಪಿಗೆ ನೀ ಹೋಗೂದೇನು? ಇಂದ್ರಾಬಾಯಿ ನಿನ್ನ ಮ್ಯಾಲ ದೂರ ಕೊಟ್ಟಾಳ, ನೀನಽ ಗಂಡನ್ನ ಕೊಂದಿ ಅಂತ. ಆಕಿಗಾದ್ರೂ ಖರೇ ಗೊತ್ತಾಗಬೇಕಲ್ಲ?”

“ಗೊತ್ತಾಗಿ ಏನ್ ಮಾಡ್ತಾರ್ರಿ ಅವರು? ಇವತ್ತ ಊರ ಮಂದಿ ಮಾಸ್ತರ ಹೆಸರ ಹಿಡದು ಅಳತೈತಿ. ನಾಳೆ ಉಗಳತೈತಿ. ನನಗ ಉಗಳಿದ್ರ ನಡೀತೈತಿ. ನನಗ ರೂಢಿ ಐತಿ.”

ಜೀಪಿನ ಸದ್ದಾಯಿತು. ನಾಗಠಾಣ ಫೌಜದಾರರು ಧೂಳು ಝಾಡಿಸುತ್ತ ಒಳಗೆ ಬಂದರು. ದಪ್ಪ ಮೀಸೆಯ, ಯಾವಾಗಲೂ ಹಸಿದವರಂತೆ ಕಾಣುವ ಮನುಷ್ಯ.

“ಅರೆ, ಇಂಜಿನಿಯರ್ ಸಾಹೇಬ್ರು ಕೈದೀಗೆ ಪ್ರವಚನ ಹೇಳಾಕತ್ತಾರೋ ಏನು!”

ಸಿದ್ದರಾಯ ಎದ್ದು ನಿಂತ. ಹೇಳಬೇಕಾದ ಮಾತು ನೆಟ್ಟಗೆ, ಸಣ್ಣದಾಗಿ ಅವನ ಮುಂದಿತ್ತು. ಅವನು ಬಾಯಿ ತೆರೆಯುವ ಮೊದಲೇ ಸರಳುಗಳ ಆಚೆಯಿಂದ ದನಿ ಬಂತು.

“ಫೌಜದಾರ ಸಾಹೇಬ್ರ, ಬರ್ಕೋರಿ. ಚಿಲಕಾ ನಾನಽ ಹಾಕಿದ್ದೆ.”

ಫೌಜದಾರರು ಟೊಪ್ಪಿಗೆ ತೆಗೆದವರು ಅದನ್ನು ಕೈಯಲ್ಲೇ ಹಿಡಿದು ನಿಂತರು. ಆಮೇಲೆ ಜೋರಾಗಿ ನಕ್ಕರು.

“ಭಲೇ ಮಗನ! ನಾವು ಇಷ್ಟ ದಿನಾ ಕೇಳಿ ಕೇಳಿ ಗಂಟಲ ಹರಕೊಂಡ್ವಿ, ಹೂಂ ಅನ್ಲಿಲ್ಲ, ಹಾಂ ಅನ್ಲಿಲ್ಲ. ಸಾಹೇಬ್ರ, ಏನ್ ಮಂತ್ರಾ ಹಾಕಿದ್ರಿ ನೀವು? ನಮಗೂ ಒಂದೀಟ ಕಲಸ್ರಲ್ಲ.”

“ಫೌಜದಾರ್ರ, ಅಂವ…”

“ಇರ್ರಿ, ಇರ್ರಿ. ಲೇ ಪರಸ್ಯಾ, ನಾಳೆ ಪ್ರಾಂತ ಸಾಹೇಬ್ರ ಮುಂದ, ಪಂಚರ ಮುಂದ, ಬಾಗಲದಾಗ ನಿಂತು ತೋರಸಬೇಕು. ಚಿಲಕಾ ಎಲ್ಲಿತ್ತು, ಯಾವ ಕೈಲೆ ಹಾಕಿದಿ, ಎಲ್ಲಾ. ಆವಾಗ ಉಲ್ಟಾ ಹೊಡದ್ರ ನೋಡು.”

“ತೋರಸ್ತೇನ್ರಿ.”

ಅವನು ಹೇಳಿದ ರೀತಿಗೆ ಸಿದ್ದರಾಯ ಥಟ್ಟನೆ ತಿರುಗಿ ನೋಡಿದ. ಇಲ್ಲದ ಚಿಲಕದ ಜಾಗವನ್ನು ಯಾರು ಹೇಗೆ ತೋರಿಸುತ್ತಾರೆ? ತೂತಿಲ್ಲ, ಗೆರೆಯಿಲ್ಲ, ಬಣ್ಣ ಕೂಡ ಕೆದರಿಲ್ಲ. ಪ್ರಾಂತ ಸಾಹೇಬರು ಕುರುಡರಲ್ಲ. ಪರಸಪ್ಪ ಆಗಲೇ ಗೋಡೆಯ ಹತ್ತಿರ ಹೋಗಿ ಕೂತಿದ್ದ. ಮುಖದಲ್ಲಿ ಅವಸರವಿರಲಿಲ್ಲ, ಹೆದರಿಕೆಯೂ ಇರಲಿಲ್ಲ.

“ನಿಮ್ಮ ತಪಾಸಣಿ ಮುಗೀತೇನ್ರಿ ಸಾಹೇಬ್ರ?” ಫೌಜದಾರರು ಕೇಳಿದರು. “ಬಾಗಲದಾಗ ಏನೂ ದೋಷ ಇಲ್ಲಲ್ಲ?”

“ನಾಳೆ ಹೇಳ್ತೇನ್ರಿ.”

“ನಾಳೆನಽ ಹೇಳ್ರಿ. ಇವತ್ತ ಚಾ ಕುಡೀರಿ.”

ಅವನು ಚಹಕ್ಕೆ ನಿಲ್ಲಲಿಲ್ಲ.

ಬಸ್ ನಿಲ್ದಾಣದತನಕ ನಡೆದ. ತಿರುಗಿ ಬಂದ. ತೊಗರಿಯ ಚೀಲ ಹೇರಿದ ಬಂಡಿಗಳ ನಡುವೆ ದಾರಿ ಮಾಡಿಕೊಂಡು ಮತ್ತೆ ಅದೇ ಕಡೆ ಹೊರಟ. ಈಗಲೇ ಠಾಣೆಗೆ ಹೋಗಿ ಹೇಳಿಬಿಡಬೇಕು. ಹೇಳಿದರೆ ಒಬ್ಬ ಮನುಷ್ಯ ಮನೆಗೆ ಹೋಗುತ್ತಾನೆ. ಅವನು ಯಾವುದಕ್ಕಾಗಿ ಒಳಗಿದ್ದಾನೋ ಅದು ಹೋಗುತ್ತದೆ. ಹೇಳದಿದ್ದರೆ? ತಪಾಸಣೆ ಮಾಡುವವನಿಗೆ ಅಂಥ ಪ್ರಶ್ನೆಯೇ ಇರಬಾರದು. ಇದ್ದದ್ದನ್ನು ಇದ್ದ ಹಾಗೆ ನೋಡುವುದು ಅವನ ಕೆಲಸ. ಆದರೆ ನೋಡುವುದು ಎಲ್ಲಿ ಮುಗಿಯುತ್ತದೆ?

ಕೊನೆಗೆ ಕಾಲುಗಳು ಸಭಾಭವನದ ಕಡೆ ತಿರುಗಿದವು. ಇಳಿಜಾರಿನ ತುದಿಯನ್ನು ಅಳೆದು, ಆ ಸಪಾಟ ಕಟ್ಟೆಗೆ ಎಷ್ಟು ಜಾಗ ಬೇಕೆಂದು ನೋಡೋಣ ಎಂದು ತನಗೇ ಒಂದು ನೆಪ ಹೇಳಿಕೊಂಡ. ಹೊತ್ತು ಮುಳುಗುತ್ತಿತ್ತು. ದೀಪ ಹಚ್ಚುವ ಸಮಯ.

ಕುತುಬುದ್ದೀನ ಈಗ ಪಕ್ಕದ ಬಾಗಿಲ ಬಳಿ ಇರಲಿಲ್ಲ. ಮುಂಬಾಗಿಲ ಮೆಟ್ಟಿಲ ಮೇಲೆ, ಕಟ್ಟಡಕ್ಕೆ ಬೆನ್ನು ಮಾಡಿ ಕೂತಿದ್ದ. ಸಿದ್ದರಾಯನನ್ನು ಕಂಡು ಬೀಡಿಯನ್ನು ಕಾಲಡಿ ಹೊಸಕಿದ.

“ಕೂಡ್ರಿ ಸಾಹೇಬ್ರ. ಇಲ್ಲೆ ಗಾಳಿ ಛಲೋ ಐತಿ.”

“ಆ ಕಡೆ ಯಾರದಾರ?”

“ನನ್ನ ಕಣ್ಣು ಈ ಕಡೆ ಅದಾವ್ರಿ.”

ಗೋಡೆಯ ಆಚೆಯಿಂದ ಸದ್ದು ಬರುತ್ತಿತ್ತು. ಒಣಮರದಲ್ಲಿ ಬೈರಿಗೆ ತಿರುಗುವ ಸದ್ದು. ನಿಲ್ಲುತ್ತಿತ್ತು, ಮತ್ತೆ ತಿರುಗುತ್ತಿತ್ತು.

ಸಿದ್ದರಾಯ ಮೂಲೆ ದಾಟಿದ.

ಇಬ್ರಾಹಿಂಸಾಬ ಇಳಿಜಾರಿನ ಮೇಲೆ ಮೊಣಕಾಲೂರಿ ಚೌಕಟ್ಟಿನ ಹೊರ ಮೈಗೆ ತೂತು ಕೊರೆಯುತ್ತಿದ್ದ. ಮೂರು ಕೊರೆದಿದ್ದ, ನಾಲ್ಕನೆಯದು ನಡೆದಿತ್ತು. ಹಾರೆಯಿಂದ ಕಿತ್ತಂತೆ ಕಾಣಲೆಂದು ಸುತ್ತಲಿನ ಮರವನ್ನು ಉಳಿಯಿಂದ ಸಿಬರೆಬ್ಬಿಸಿದ್ದ. ಪಕ್ಕದಲ್ಲಿ ತುಕ್ಕು ಹಿಡಿದ, ನಡುವೆ ಬಾಗಿದ ಒಂದು ಹಳೆಯ ಚಿಲಕ ಬಿದ್ದಿತ್ತು. ನಾಳೆ ಪಂಚರಿಗೆ ಸಿಗಬೇಕಾದ ಜಾಗದಲ್ಲಿ.

ಮುದುಕ ಸಿದ್ದರಾಯನನ್ನು ನೋಡಿದ. ಬೈರಿಗೆ ನಿಂತಿತು. ಅವನ ಕಣ್ಣು ತನ್ನ ಪಕ್ಕದಲ್ಲಿ ಕಂದೀಲು ಹಿಡಿದು ನಿಂತವಳ ಕಡೆ ಹೊರಳಿತು, ಅಪ್ಪಣೆ ಕೇಳುವವನಂತೆ.

ಅವಳು ಇಂದ್ರಾಬಾಯಿ.

ಅವಳಿಗೆ ಗೊತ್ತಿಲ್ಲ ಎಂದು ಮುದುಕ ಮಧ್ಯಾಹ್ನ ಹೇಳಿದ್ದ. ಪರಸಪ್ಪನ ಮೇಲೆ ದೂರು ಕೊಟ್ಟವಳು ಇವಳೇ. ಪರಸಪ್ಪನ ಸುಳ್ಳು ನಿಲ್ಲಲಿ ಎಂದು, ರಾಮವ್ವನ ಕೈಲಿ ಅವನು ಕಳಿಸಿದ ಮಾತಿನಂತೆ ಬಂದಿದ್ದಾಳೋ, ಅವನು ಎಂದೂ ಹೊರಗೆ ಬರದಿರಲಿ ಎಂದು ತಾನಾಗಿಯೇ ಬಂದಿದ್ದಾಳೋ? ಕಂದೀಲಿನ ಬೆಳಕು ಅವಳ ಕೈಯ ಮೇಲೆ ಬೀಳುತ್ತಿತ್ತು. ಮುಖದ ಮೇಲೆ ಇರಲಿಲ್ಲ.

“ಬಾಯಾರ,” ಎಂದ ಸಿದ್ದರಾಯ.

ಅವಳು ಅವನನ್ನು ನೋಡುತ್ತಲೇ ಬತ್ತಿಯನ್ನು ಸ್ವಲ್ಪ ಏರಿಸಿ, ಕಂದೀಲನ್ನು ಮುದುಕನ ಕೈಗೆ ಇನ್ನೂ ಹತ್ತಿರ ಹಿಡಿದಳು.

ಬೈರಿಗೆ ಮತ್ತೆ ತಿರುಗತೊಡಗಿತು. ಮರದ ಹುಡಿ ಸಿದ್ದರಾಯನ ಬೂಟಿನ ಮೇಲೆ ಉದುರಿತು.

ನಿಲ್ಲಿಸಿರಿ ಎಂದು ಅವನು ಹೇಳಲಿಲ್ಲ.